ಉಳಿದಿರುವ ಯಕೃತ್ತು ಎಷ್ಟು? ಮದ್ಯಜನ್ಯ ಯಕೃತ್ ರೋಗದಲ್ಲಿ ನ್ಯೂಕ್ಲಿಯರ್ ಚಿತ್ರಣ ಮತ್ತು ಬದುಕುಳಿಯುವ ಅಂದಾಜು

ಮದ್ಯದಿಂದ ಯಕೃತ್ತಿಗೆ ಬರುವುದು ಒಂದೇ ರೋಗವಲ್ಲ. ಒಂದರ ಬೆನ್ನಿಗೊಂದು ಬರುವ, ಎಷ್ಟೋ ಸಲ ಒಂದರ ಮೇಲೊಂದು ಕೂಡಿಕೊಳ್ಳುವ ಮೂರು ಅವಸ್ಥೆಗಳಿವೆ. ಮೊದಲನೆಯದು ಕೊಬ್ಬು ತುಂಬಿದ ಯಕೃತ್ತು, ಜನ ಫ್ಯಾಟಿ ಲಿವರ್ ಎನ್ನುವುದು ಇದನ್ನೇ. ದಿನವೂ ಹೆಚ್ಚು ಕುಡಿಯುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಇದು ಬರುತ್ತದೆ. ಕುಡಿತ ನಿಂತರೆ ಕೆಲವು ವಾರಗಳಲ್ಲಿ ಇಳಿದೂ ಹೋಗುತ್ತದೆ. ಎರಡನೆಯದು ಮದ್ಯಜನ್ಯ ಹೆಪಟೈಟಿಸ್. ಯಕೃತ್ತಿನ ಕೋಶಗಳು ಊದಿ ಸಾಯುತ್ತವೆ, ಬಿಳಿ ರಕ್ತಕಣಗಳು ಅಲ್ಲಿಗೆ ಮುತ್ತುತ್ತವೆ, ಕಣ್ಣು ಮೈ ಹಳದಿಯಾಗುತ್ತವೆ, ಜ್ವರ ಬರುತ್ತದೆ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಮೂರನೆಯದು ಸಿರೋಸಿಸ್: ಸತ್ತ ಕೋಶಗಳ ಜಾಗದಲ್ಲಿ ನಾರು ಬೆಳೆದು ಯಕೃತ್ತು ಗಂಟುಗಂಟಾಗುತ್ತದೆ, ರಕ್ತದ ಹರಿವಿಗೆ ಅಡ್ಡಿಯಾಗುತ್ತದೆ. ಹೆಚ್ಚು ಕುಡಿಯುವವರಲ್ಲಿ ಶೇ 10ರಿಂದ 20ರಷ್ಟು ಮಂದಿ ಈ ಮೂರನೆಯ ಹಂತ ಮುಟ್ಟುತ್ತಾರೆ.

ಹೆಚ್ಚು ಎಂದರೆ ಎಷ್ಟು ಎನ್ನುವುದಕ್ಕೆ ಕರ್ನಾಟಕದ ವೈನ್‌ಶಾಪಿನ ಅಳತೆಯೇ ಸಾಕು. ಅಲ್ಲಿ ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ಭಾರತದಲ್ಲಿ ತಯಾರಾಗುವ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಪ್ರಮಾಣ ಶೇ 42.8. ಆಲ್ಕೋಹಾಲ್ ನೀರಿಗಿಂತ ಹಗುರವಾದ್ದರಿಂದ ಲೆಕ್ಕ ಹಾಕಿದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 61 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 2023ರಲ್ಲಿ ಅಂತರರಾಷ್ಟ್ರೀಯ ಯಕೃತ್ ತಜ್ಞರ ಸಂಘಗಳು ಒಪ್ಪಿಕೊಂಡ ಹೊಸ ವರ್ಗೀಕರಣದಲ್ಲಿ, ಗಂಡಸರಿಗೆ ದಿನಕ್ಕೆ 60 ಗ್ರಾಂ ಮತ್ತು ಹೆಂಗಸರಿಗೆ 50 ಗ್ರಾಂ ದಾಟಿದರೆ ರೋಗವನ್ನು ಮದ್ಯಜನ್ಯ ಎಂದೇ ಕರೆಯಬೇಕು. ದಿನಕ್ಕೊಂದು ಕ್ವಾರ್ಟರ್ ಎಂಬ, ಹಳ್ಳಿಯಲ್ಲೂ ನಗರದಲ್ಲೂ ಮಿತಿಯೆಂದು ಎಣಿಸಲಾಗುವ ಕುಡಿತ ಆ ಗೆರೆಯ ಆಚೆಗೇ ಬೀಳುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣ ಬಂತು. ಯಕೃತ್ತಿನ ಪಾಲಿಗೆ ಎರಡೂ ಒಂದೇ ಎಥನಾಲ್. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರಲ್ಲಿ ಶೇ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆ.

ಈ ರೋಗದಲ್ಲಿ ಬದುಕುಳಿಯುವ ಅಂದಾಜು ಏಕೆ ಬೇಕು ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಕುಟುಂಬದವರಿಗೆ ಈ ಪ್ರಶ್ನೆ ಕ್ರೂರವಾಗಿ ಕೇಳಿಸುತ್ತದೆ. ಅಂದಾಜು ಬೇಕಿರುವುದು ತೀರ್ಪು ಕೊಡುವುದಕ್ಕಲ್ಲ. ತೀವ್ರ ಮದ್ಯಜನ್ಯ ಹೆಪಟೈಟಿಸ್‌ಗೆ ಕೊಡುವ ಸ್ಟೆರಾಯ್ಡ್ ಸೋಂಕನ್ನು ಕೆರಳಿಸಬಲ್ಲದು. ಅದು ಯಾರಿಗೆ ಅಗತ್ಯವೋ ಅವರಿಗೆ ಮಾತ್ರ ಸಿಗಬೇಕು. ಯಕೃತ್ ಕಸಿ ದುಬಾರಿಯೂ ಅಪಾಯಕರವೂ ಆದದ್ದು. ತಾನಾಗಿ ಚೇತರಿಸಿಕೊಳ್ಳಬಲ್ಲವರಿಗೆ ಅದನ್ನು ಮಾಡಬಾರದು, ಚೇತರಿಸಿಕೊಳ್ಳಲಾರದವರನ್ನು ಕಾಯಿಸಲೂ ಬಾರದು. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದೇ ವೈದ್ಯರ ನಿಜವಾದ ಕಷ್ಟ.

ಗೆರೆ ಎಳೆಯಲು ಈವರೆಗೆ ಬಳಸುತ್ತಿರುವುದು ರಕ್ತಪರೀಕ್ಷೆಯ ಅಂಕಗಳನ್ನು. 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಒಂದು ವರ್ಗೀಕರಣ ಕೊಟ್ಟರು. 1973ರಲ್ಲಿ ಪ್ಯೂ ಅದನ್ನು ತಿದ್ದಿದರು. ಮದ್ಯಜನ್ಯ ಹೆಪಟೈಟಿಸ್‌ಗೆಂದೇ 1978ರಲ್ಲಿ ಮ್ಯಾಡ್ರಿ ಎಂಬ ಅಮೆರಿಕನ್ ವೈದ್ಯರು ಒಂದು ಸೂತ್ರ ಕೊಟ್ಟರು. ರಕ್ತ ಹೆಪ್ಪುಗಟ್ಟುವ ಸಮಯ ಸಹಜಕ್ಕಿಂತ ಎಷ್ಟು ಸೆಕೆಂಡು ಹೆಚ್ಚಿದೆಯೋ ಅದನ್ನು 4.6ರಿಂದ ಗುಣಿಸಿ, ಬಿಲಿರುಬಿನ್ ಪ್ರಮಾಣವನ್ನು ಕೂಡಿಸಬೇಕು. ಮೊತ್ತ 32 ಮುಟ್ಟಿದರೆ ರೋಗ ತೀವ್ರ. ಹೆಪ್ಪುಗಟ್ಟಲು 12 ಸೆಕೆಂಡಿನ ಬದಲು 22 ಸೆಕೆಂಡು ಬೇಕಾಗುವ, ಬಿಲಿರುಬಿನ್ 10 ಇರುವ ರೋಗಿಯ ಅಂಕ 56 ಆಗುತ್ತದೆ. ಕಾಗದದ ಚೂರಿನ ಮೇಲೆ ಮಾಡಬಹುದಾದ ಈ ಲೆಕ್ಕ ನಲವತ್ತೈದು ವರ್ಷ ಮೀರಿ ಬಾಳಿದ್ದು ಅದರ ಸರಳತೆಯ ಬಲದಿಂದ.

ಅದರ ನಂತರ ಬಂದದ್ದು ಮೆಲ್ಡ್ ಅಂಕ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಪ್ಯಾಟ್ರಿಕ್ ಕಾಮತ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ತಳಪಾಯ ಹಾಕಿತು. ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಅನುಪಾತ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಈ ಮೂರರಿಂದ 6ರಿಂದ 40ರವರೆಗಿನ ಒಂದು ಸಂಖ್ಯೆ ಸಿಗುತ್ತದೆ. 2002ರಿಂದ ಅಮೆರಿಕದಲ್ಲಿ ಕಸಿಗೆ ಯಕೃತ್ತನ್ನು ಹಂಚುವುದೇ ಈ ಸಂಖ್ಯೆ ಮತ್ತು ಅದರ ತಿದ್ದಿದ ರೂಪಗಳ ಮೇಲೆ. ಕಸಿಗೆ ಕಾದಿದ್ದವರಲ್ಲಿ ಮೂರು ತಿಂಗಳೊಳಗೆ ತೀರಿಕೊಂಡವರ ಪ್ರಮಾಣ ಮೆಲ್ಡ್ 10ರಿಂದ 19ರ ನಡುವೆ ಇದ್ದಾಗ ಶೇ 6, 20ರಿಂದ 29ರಲ್ಲಿ ಸುಮಾರು ಶೇ 20, 30ರಿಂದ 39ರಲ್ಲಿ ಶೇ 50ಕ್ಕಿಂತ ಸ್ವಲ್ಪ ಹೆಚ್ಚು ಎಂದು 2003ರ ಒಂದು ಪ್ರಮುಖ ಅಧ್ಯಯನ ತೋರಿಸಿತು. ಲಿಲ್ ಅಂಕ 2007ರಲ್ಲಿ ಬಂತು. ಸ್ಟೆರಾಯ್ಡ್ ಶುರುಮಾಡಿದ ಏಳನೆಯ ದಿನ ಬಿಲಿರುಬಿನ್ ಇಳಿದಿದೆಯೇ ಎಂದು ನೋಡಿ, ಔಷಧ ಮುಂದುವರಿಸಬೇಕೇ ಬೇಡವೇ ಎಂದು ಅದು ಹೇಳುತ್ತದೆ.

ಇವೆಲ್ಲ ಒಳ್ಳೆಯ ಅಂಕಗಳು. ಆದರೂ ಇವುಗಳಲ್ಲಿ ಒಂದು ಕೊರತೆ ಉಳಿದಿದೆ. ರಕ್ತದಲ್ಲಿ ಕಾಣುವುದು ಯಕೃತ್ತಿನ ವೈಫಲ್ಯದ ಪರಿಣಾಮವೇ ಹೊರತು ಯಕೃತ್ತಿನಲ್ಲಿ ಇನ್ನೂ ಎಷ್ಟು ಕೆಲಸಮಾಡುವ ಭಾಗ ಇದೆ ಎಂಬುದಲ್ಲ. ಸೋಂಕು ಬಂದರೆ ಬಿಲಿರುಬಿನ್ ಏರುತ್ತದೆ. ಊಟ ಬಿಟ್ಟವರಲ್ಲಿ ಕೆ ಜೀವಸತ್ವ ಕಡಿಮೆಯಾಗಿ ಹೆಪ್ಪುಗಟ್ಟುವ ಸಮಯ ಹೆಚ್ಚುತ್ತದೆ. ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ ಸುಳ್ಳಾಗಿ ಕಡಿಮೆ ತೋರುತ್ತದೆ. ದೀರ್ಘಕಾಲ ಕುಡಿದವರಲ್ಲಿ ಈ ಮೂರೂ ಸಾಮಾನ್ಯ. ಸಿರೋಸಿಸ್‌ನ ಆರಂಭದಲ್ಲಂತೂ ಯಕೃತ್ತು ತನ್ನ ಮೀಸಲು ಶಕ್ತಿಯಿಂದ ಎಲ್ಲವನ್ನೂ ತೂಗಿಸಿಕೊಂಡು ಹೋಗುವುದರಿಂದ ರಕ್ತಪರೀಕ್ಷೆ ಬಹುಪಾಲು ಸಹಜವಾಗಿಯೇ ಇರುತ್ತದೆ, ಮೀಸಲು ಮಾತ್ರ ಒಳಗೊಳಗೆ ತೀರುತ್ತಿರುತ್ತದೆ.

ಅಲ್ಟ್ರಾಸೌಂಡ್ ಮತ್ತು ಸಿಟಿ ಸ್ಕ್ಯಾನ್ ಇಲ್ಲಿ ನೆರವಿಗೆ ಬರುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು. ಅವು ಗಾತ್ರ ಹೇಳುತ್ತವೆ. ಮದ್ಯಜನ್ಯ ಹೆಪಟೈಟಿಸ್‌ನಲ್ಲಿ ಯಕೃತ್ತು ಕುಗ್ಗುವುದಿಲ್ಲ, ಹಿಗ್ಗುತ್ತದೆ. ಕೊಬ್ಬು, ಊದಿದ ಕೋಶಗಳು, ಉರಿಯೂತ ಸೇರಿ ಅದು ಪಕ್ಕೆಲುಬಿನ ಕೆಳಗೆ ಬೆರಳುಗಳಿಗೆ ಸಿಗುವಷ್ಟು ದೊಡ್ಡದಾಗಿರುತ್ತದೆ. ಕಟ್ಟಡ ಹಾಗೇ ನಿಂತು, ಒಳಗೆ ಮಗ್ಗಗಳು ಸ್ತಬ್ಧವಾದ ದಾವಣಗೆರೆಯ ಹಳೆಯ ಹತ್ತಿ ಗಿರಣಿಯ ಸ್ಥಿತಿ ಅದು. ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಸಹ ತೀವ್ರ ಉರಿಯೂತವಿದ್ದಾಗ ನಾರಿನ ಪ್ರಮಾಣವನ್ನು ಹೆಚ್ಚಾಗಿ ತೋರಿಸುತ್ತದೆ. ಕುಡಿತ ನಿಂತ ಕೆಲವು ವಾರಗಳಲ್ಲಿ ಅದರ ಅಂಕಿ ಇಳಿಯುವುದು ಅದಕ್ಕಾಗಿಯೇ. ಗಾತ್ರವನ್ನೂ ಗಡಸುತನವನ್ನೂ ಬಿಟ್ಟು ಕೆಲಸವನ್ನೇ ಅಳೆಯಬಲ್ಲ ಚಿತ್ರ ಬೇಕು. ನ್ಯೂಕ್ಲಿಯರ್ ಚಿತ್ರಣಕ್ಕೆ ಇಲ್ಲಿ ಜಾಗ ಸಿಗುವುದು ಹೀಗೆ.

ಎಕ್ಸ್‌ರೇ, ಸಿಟಿಗಳಲ್ಲಿ ಕಿರಣ ಹೊರಗಿನಿಂದ ದೇಹವನ್ನು ಹಾದುಹೋಗುತ್ತದೆ. ನ್ಯೂಕ್ಲಿಯರ್ ಚಿತ್ರಣದಲ್ಲಿ ಕಿರಣ ಹೊರಡುವುದು ದೇಹದ ಒಳಗಿನಿಂದ. ಅಲ್ಪ ಪ್ರಮಾಣದ ವಿಕಿರಣಶೀಲ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಯಾವ ಕೋಶ ಅದನ್ನು ಹಿಡಿಯುತ್ತದೋ ಆ ಕೋಶ ಇರುವಲ್ಲಿ ಬೆಳಕು ಮೂಡುತ್ತದೆ. ಹಿಡಿಯುವುದು ಜೀವಂತ ಕೋಶದ ಕೆಲಸ. ಸತ್ತ ಕೋಶ ಹಿಡಿಯಲಾರದು, ರಕ್ತ ತಲುಪದ ಕೋಶಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಆದ್ದರಿಂದ ಈ ಚಿತ್ರ ರಕ್ತದ ಹರಿವು ಮತ್ತು ಕೋಶದ ಸಾಮರ್ಥ್ಯ ಎರಡರ ಗುಣಲಬ್ಧವನ್ನು ತೋರಿಸುತ್ತದೆ.

ಯಕೃತ್ತಿನಲ್ಲಿ ಈ ಹಿಡಿಯುವ ಕೆಲಸಕ್ಕೆ ಹೆಸರಾದ ಕೋಶಗಳನ್ನು 1876ರಲ್ಲಿ ಜರ್ಮನ್ ಅಂಗರಚನಾಶಾಸ್ತ್ರಜ್ಞ ಕಾರ್ಲ್ ಫಾನ್ ಕುಪ್ಫರ್ ವರ್ಣಿಸಿದರು. ಕುಪ್ಫರ್ ಕೋಶಗಳು ಯಕೃತ್ತಿನ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕಾವಲಿರುತ್ತವೆ. ಕರುಳಿನಿಂದ ಪೋರ್ಟಲ್ ರಕ್ತನಾಳದ ಮೂಲಕ ಬರುವ ಬ್ಯಾಕ್ಟೀರಿಯಾ, ಅವುಗಳ ವಿಷದ ತುಣುಕುಗಳು, ಕೆಟ್ಟ ರಕ್ತಕಣಗಳು ಎಲ್ಲವನ್ನೂ ನುಂಗುತ್ತವೆ. ಯಕೃತ್ತಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳು ಮತ್ತು ಗುಲ್ಮದಿಂದ ಬಂದದ್ದು. ಒಂದು ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ರಕ್ತಕ್ಕೆ ಬಿಟ್ಟರೆ ಆರೋಗ್ಯವಂತರಲ್ಲಿ ಎರಡು ಮೂರು ನಿಮಿಷಗಳಲ್ಲೇ ಅರ್ಧದಷ್ಟು ಮಾಯವಾಗುತ್ತವೆ. ಕೊನೆಗೆ ಶೇ 80ರಿಂದ 90ರಷ್ಟು ಯಕೃತ್ತಿನಲ್ಲಿ, ಶೇ 5ರಿಂದ 10ರಷ್ಟು ಗುಲ್ಮದಲ್ಲಿ, ಉಳಿದದ್ದು ಮೂಳೆಯ ಮಜ್ಜೆಯಲ್ಲಿ ಸೇರುತ್ತದೆ.

ಈ ಗುಣವನ್ನು ಚಿತ್ರಕ್ಕೆ ಬಳಸುವ ಯತ್ನ 1950ರ ದಶಕದಲ್ಲಿ ವಿಕಿರಣಶೀಲ ಚಿನ್ನದ ಕಣಗಳಿಂದ ಶುರುವಾಯಿತು. ಚಿನ್ನ ದೇಹಕ್ಕೆ ಕೊಡುತ್ತಿದ್ದ ವಿಕಿರಣ ಹೆಚ್ಚು, ಚಿತ್ರ ಮಸುಕು. ಟೆಕ್ನೀಷಿಯಂ ಬಂದ ಮೇಲೆ ಎಲ್ಲವೂ ಬದಲಾಯಿತು. ಸೆಗ್ರೆ ಮತ್ತು ಪೆರಿಯರ್ 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಗುರುತಿಸಿದ ಈ ಮೂಲವಸ್ತುವಿನ ಟೆಕ್ನೀಷಿಯಂ-99ಎಂ ಎಂಬ ರೂಪಕ್ಕೆ ಅರ್ಧಾಯುಷ್ಯ ಆರು ಗಂಟೆ. ಅದು ಹೊರಹಾಕುವ ಗಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್, ಹಾಲ್ ಆಂಗರ್ 1950ರ ದಶಕದ ಕೊನೆಯಲ್ಲಿ ಕಟ್ಟಿದ ಗಾಮಾ ಕ್ಯಾಮರಾಗೆ ಹೇಳಿಮಾಡಿಸಿದಂಥದ್ದು. 1964ರಲ್ಲಿ ಷಿಕಾಗೋದಲ್ಲಿ ಪಾಲ್ ಹಾರ್ಪರ್ ತಂಡ ಟೆಕ್ನೀಷಿಯಂ ಸೇರಿಸಿದ ಗಂಧಕದ ಕಲಿಲವನ್ನು, ಅಂದರೆ ಸಲ್ಫರ್ ಕೊಲಾಯ್ಡನ್ನು, ಬಳಕೆಗೆ ತಂದಿತು. ಮುಂದಿನ ಇಪ್ಪತ್ತು ವರ್ಷ ಯಕೃತ್ತಿನ ಚಿತ್ರ ಎಂದರೆ ಇದೇ ಆಗಿತ್ತು. ಭಾರತದಲ್ಲಿ 1963ರಲ್ಲಿ ಮುಂಬಯಿಯ ರೇಡಿಯೇಷನ್ ಮೆಡಿಸಿನ್ ಸೆಂಟರ್ ಈ ವಿದ್ಯೆಗೆ ನೆಲೆ ಒದಗಿಸಿತು.

ಪರೀಕ್ಷೆ ರೋಗಿಗೆ ಹೆಚ್ಚು ತ್ರಾಸ ಕೊಡುವುದಿಲ್ಲ. ತೋಳಿನ ರಕ್ತನಾಳಕ್ಕೆ 4ರಿಂದ 6 ಮಿಲಿಕ್ಯೂರಿ ಔಷಧ ಕೊಟ್ಟು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಕ್ಯಾಮರಾದ ಕೆಳಗೆ ಮಲಗಿಸುತ್ತಾರೆ. ಕ್ಯಾಮರಾ ಸುತ್ತ ತಿರುಗುತ್ತ ಎಲ್ಲ ಕೋನಗಳಿಂದ ಎಣಿಕೆ ತೆಗೆದರೆ ಅದನ್ನು ಸ್ಪೆಕ್ಟ್ ಎನ್ನುತ್ತಾರೆ. ಆಗ ಯಕೃತ್ತು ಗುಲ್ಮಗಳ ಮೂರು ಆಯಾಮದ ಚಿತ್ರ ಸಿಗುತ್ತದೆ. ವಿಕಿರಣದ ಪ್ರಮಾಣ ಸುಮಾರು 2 ಮಿಲಿಸೀವರ್ಟ್. ಮನುಷ್ಯನಿಗೆ ನೆಲ, ಗಾಳಿ, ಆಕಾಶದಿಂದ ವರ್ಷವೊಂದರಲ್ಲಿ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ. ಸಿಟಿಯಲ್ಲಿ ಕೊಡುವ ಬಣ್ಣದ್ರವ್ಯದಿಂದ ಮೂತ್ರಪಿಂಡಕ್ಕೆ ಆಗುವ ಹಾನಿಯ ಭಯ ಇಲ್ಲಿಲ್ಲ. ಮೂತ್ರಪಿಂಡವೂ ಸೋಲುತ್ತಿರುವ ಈ ರೋಗಿಗಳಲ್ಲಿ ಅದು ಸಣ್ಣ ವಿಷಯವಲ್ಲ.

ಸಹಜ ಚಿತ್ರದಲ್ಲಿ ಯಕೃತ್ತು ಉಜ್ವಲ, ಗುಲ್ಮ ಅದಕ್ಕಿಂತ ಮಂದ, ಬೆನ್ನುಮೂಳೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮದ್ಯಜನ್ಯ ರೋಗ ಮುಂದುವರಿದಂತೆ ಇದು ತಲೆಕೆಳಗಾಗುತ್ತದೆ. ಯಕೃತ್ತು ಮಚ್ಚೆಮಚ್ಚೆಯಾಗಿ ಮಂಕಾಗುತ್ತದೆ, ಗುಲ್ಮ ಬೆಳಗುತ್ತದೆ, ಬೆನ್ನುಮೂಳೆಯ ಮಣಿಗಳು, ಸೊಂಟದ ಮೂಳೆ, ಪಕ್ಕೆಲುಬುಗಳು ಒಂದೊಂದಾಗಿ ಚಿತ್ರಕ್ಕೆ ಬರುತ್ತವೆ. ಇದನ್ನು ಕೊಲಾಯ್ಡ್ ಷಿಫ್ಟ್ ಎನ್ನುತ್ತಾರೆ. ತೀವ್ರ ಮದ್ಯಜನ್ಯ ಹೆಪಟೈಟಿಸ್‌ನಲ್ಲಿ ಯಕೃತ್ತು ಬಹುತೇಕ ಕಾಣಿಸದೇ ಹೋಗುವುದೂ ಉಂಟು. ಅಲ್ಟ್ರಾಸೌಂಡಿನಲ್ಲಿ ದೊಡ್ಡದಾಗಿ ಕಂಡ ಅಂಗ ಈ ಚಿತ್ರದಲ್ಲಿ ಕತ್ತಲೆಯ ಗುಂಡಿಯಂತಿರುತ್ತದೆ. ಒಂದೇ ರೋಗಿಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗಾತ್ರಕ್ಕೂ ಶಕ್ತಿಗೂ ಸಂಬಂಧವಿಲ್ಲ ಎಂಬುದನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಈ ಪಲ್ಲಟಕ್ಕೆ ಎರಡು ಕಾರಣಗಳು ಕೂಡಿ ಕೆಲಸ ಮಾಡುತ್ತವೆ. ಮೊದಲನೆಯದು ರಕ್ತದ ದಾರಿ ತಪ್ಪುವುದು. ನಾರು ತುಂಬಿದ ಯಕೃತ್ತಿನೊಳಗೆ ಹರಿಯಲಾರದ ಪೋರ್ಟಲ್ ರಕ್ತ ಅನ್ನನಾಳದ ಸುತ್ತ, ಹೊಕ್ಕುಳಿನ ಸುತ್ತ ಅಡ್ಡದಾರಿ ಹಿಡಿದು ನೇರ ಹೃದಯಕ್ಕೆ ಹೋಗುತ್ತದೆ. ಅದರೊಂದಿಗೆ ಹೋದ ಕಣಗಳು ಯಕೃತ್ತಿನ ಕಾವಲನ್ನು ತಪ್ಪಿಸಿಕೊಂಡು ಗುಲ್ಮ, ಮಜ್ಜೆಗಳಲ್ಲಿ ಇಳಿಯುತ್ತವೆ. ಎರಡನೆಯದು ಕುಪ್ಫರ್ ಕೋಶಗಳೇ ದಣಿಯುವುದು. ಮದ್ಯ ಕರುಳಿನ ಗೋಡೆಯನ್ನು ಸೋರುವಂತೆ ಮಾಡುತ್ತದೆ. ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಡೆಬಿಡದೆ ಯಕೃತ್ತಿಗೆ ಬರುತ್ತದೆ. ಅದರಿಂದ ಕೆರಳಿದ ಕುಪ್ಫರ್ ಕೋಶಗಳು ಟಿಎನ್‌ಎಫ್ ಮೊದಲಾದ ಉರಿಯೂತದ ರಾಸಾಯನಿಕಗಳನ್ನು ಸುರಿಯುತ್ತವೆ. ಆ ರಾಸಾಯನಿಕಗಳು ನೆರೆಯ ಯಕೃತ್ ಕೋಶಗಳನ್ನು ಕೊಲ್ಲುತ್ತವೆ. ಮದ್ಯಜನ್ಯ ರೋಗಕ್ಕೆ ಈ ಚಿತ್ರಣ ವಿಶೇಷವಾಗಿ ಹೊಂದುವುದು ಇದರಿಂದಲೇ. ಸ್ಕ್ಯಾನ್ ಅಳೆಯುತ್ತಿರುವ ಕೋಶ ಬರಿಯ ಸಾಕ್ಷಿಯಲ್ಲ, ರೋಗದ ನಡುಮಧ್ಯದಲ್ಲೇ ಇರುವ ಪಾತ್ರ. ಈ ರೋಗಿಗಳು ಕೊನೆಗೆ ಸಾಯುವುದು ಹಲವು ಸಲ ಸೋಂಕಿನಿಂದ. ಕಣಗಳನ್ನು ಹಿಡಿಯಲಾರದ ಯಕೃತ್ತು ಬ್ಯಾಕ್ಟೀರಿಯಾವನ್ನೂ ಹಿಡಿಯಲಾರದು. ಹಾಗಾಗಿ ಕೊಲಾಯ್ಡ್ ಷಿಫ್ಟ್‌ಗೂ ಬದುಕುಳಿಯುವಿಕೆಗೂ ಇರುವ ನಂಟು ಅಂಕಿಅಂಶದ ಆಕಸ್ಮಿಕವಲ್ಲ, ಶರೀರಕ್ರಿಯೆಯಲ್ಲೇ ಬೇರುಬಿಟ್ಟದ್ದು.

ಮೊದಲ ಎರಡು ದಶಕಗಳಲ್ಲಿ ಈ ಚಿತ್ರವನ್ನು ಕಣ್ಣಳತೆಯಲ್ಲೇ ಓದುತ್ತಿದ್ದರು: ಸ್ವಲ್ಪ, ಸಾಧಾರಣ, ತೀವ್ರ ಎಂದು. ಅಂದಾಜಿಗೆ ಅಷ್ಟು ಸಾಲದು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಕೇಂದ್ರದ ಜಾನ್ ಹೋಫ್ಸ್ ಮತ್ತು ಸಂಗಡಿಗರು ಸ್ಪೆಕ್ಟ್ ಎಣಿಕೆಗಳಿಂದ ಒಂದು ಸಂಖ್ಯೆ ತೆಗೆಯುವ ಕ್ರಮ ರೂಪಿಸಿದರು. ಯಕೃತ್ತಿನ ಎಣಿಕೆಯನ್ನು ಗುಲ್ಮದ ಜೊತೆಗೂ ಮಜ್ಜೆಯ ಜೊತೆಗೂ ತೂಗಿ ನೋಡಿ ಪಡೆಯುವ ಈ ಸಂಖ್ಯೆಯನ್ನು, ರಕ್ತ ಹರಿಯುತ್ತಿರುವ ಕ್ರಿಯಾಶೀಲ ಯಕೃತ್ತಿನ ರಾಶಿ ಎಂದು ಹೇಳಬಹುದು. ಸಹಜ ಯಕೃತ್ತಿನಲ್ಲಿ ಅದು 100ರ ಆಸುಪಾಸು ಅಥವಾ ಅದಕ್ಕಿಂತ ಮೇಲೆ. ರೋಗ ಹೆಚ್ಚಿದಂತೆ ಇಳಿಯುತ್ತದೆ. ಬಯಾಪ್ಸಿಯಲ್ಲಿ ಕಂಡ ನಾರಿನ ಮಟ್ಟಕ್ಕೂ ರೋಗದ ತೀವ್ರತೆಗೂ ಅದು ಹೊಂದುತ್ತದೆ ಎಂದು ಅವರ ಕೆಲಸ ತೋರಿಸಿತು. ಬಯಾಪ್ಸಿಯ ಸೂಜಿಗೆ ಸಿಗುವುದು ಯಕೃತ್ತಿನ ಐವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಮೇಲಾಗಿ ರಕ್ತ ಹೆಪ್ಪುಗಟ್ಟದ ರೋಗಿಗೆ ಸೂಜಿ ಹಾಕುವುದೇ ಅಪಾಯ. ಸ್ಕ್ಯಾನ್ ಅಂಗವನ್ನು ಇಡಿಯಾಗಿ ನೋಡುತ್ತದೆ, ಸೂಜಿಯನ್ನೂ ತಪ್ಪಿಸುತ್ತದೆ.

ದೀರ್ಘಕಾಲದ ಭವಿಷ್ಯ ಹೇಳುವ ವಿಷಯದಲ್ಲಿ ದೊಡ್ಡ ಪುರಾವೆ ಬಂದದ್ದು ಅಮೆರಿಕದ ಹಾಲ್ಟ್-ಸಿ ಎಂಬ ಹೆಪಟೈಟಿಸ್ ಸಿ ಅಧ್ಯಯನದಿಂದ. ಗ್ರೆಗರಿ ಎವರ್ಸನ್, ಹೋಫ್ಸ್ ಮತ್ತಿತರರು 2012ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ, ಯಕೃತ್ತಿನ ಕ್ರಿಯೆಯನ್ನು ಅಳೆಯುವ ಹಲವು ಪರೀಕ್ಷೆಗಳ ಪೈಕಿ ಈ ಸ್ಕ್ಯಾನ್ ಸಂಖ್ಯೆ ಮುಂದೆ ಯಾರಿಗೆ ಜಲೋದರ, ರಕ್ತವಾಂತಿ, ಮತಿಭ್ರಮಣೆ, ಸಾವು ಬರಬಹುದು ಎಂಬುದನ್ನು ಚೆನ್ನಾಗಿ ಸೂಚಿಸುವವುಗಳಲ್ಲಿ ಒಂದಾಗಿತ್ತು. ಅದು ವೈರಸ್ ರೋಗದ ಅಧ್ಯಯನ, ಮದ್ಯದ್ದಲ್ಲ. ಚಿಕಿತ್ಸೆಯಿಲ್ಲದಿದ್ದರೆ ವೈರಸ್ ರೋಗ ನಿಧಾನವಾಗಿ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಮದ್ಯದ ರೋಗ ಕುಡಿತದ ಜೊತೆ ಏರಿ, ಬಿಟ್ಟಾಗ ಇಳಿಯುತ್ತದೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಗೇ ಹಚ್ಚುವುದು ಸರಿಯಲ್ಲ. ತತ್ವ ಮಾತ್ರ ಎರಡಕ್ಕೂ ಒಂದೇ: ಉಳಿದಿರುವ ಕೆಲಸದ ಯಕೃತ್ತು ಕಡಿಮೆಯಾದಷ್ಟೂ ಉಳಿದಿರುವ ಕಾಲ ಕಡಿಮೆ.

ಬೇರೆ ನ್ಯೂಕ್ಲಿಯರ್ ಔಷಧಗಳೂ ಇವೆ. ಪಿತ್ತರಸದ ದಾರಿ ನೋಡಲು ಬಳಸುವ ಮೆಬ್ರೊಫೆನಿನ್ ಅನ್ನು ಯಕೃತ್ ಕೋಶಗಳೇ ಹೀರಿಕೊಳ್ಳುತ್ತವೆ. ಯಕೃತ್ತಿನ ಒಂದು ಭಾಗವನ್ನು ಕತ್ತರಿಸುವ ಮುನ್ನ ಉಳಿಯುವ ಭಾಗ ಸಾಕಾಗುತ್ತದೆಯೇ ಎಂದು ತಿಳಿಯಲು ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ತಂಡ ಇದನ್ನು ಪಳಗಿಸಿತು. ಆದರೆ ಮೆಬ್ರೊಫೆನಿನ್ ಮತ್ತು ಬಿಲಿರುಬಿನ್ ಒಂದೇ ಬಾಗಿಲಿನಿಂದ ಕೋಶದೊಳಗೆ ಹೋಗುತ್ತವೆ. ಬಿಲಿರುಬಿನ್ 15, 20 ಇರುವ ಮದ್ಯಜನ್ಯ ಹೆಪಟೈಟಿಸ್ ರೋಗಿಯಲ್ಲಿ ಆ ಬಾಗಿಲು ಮೊದಲೇ ಕಿಕ್ಕಿರಿದಿರುವುದರಿಂದ ಚಿತ್ರ ಯಕೃತ್ತಿನ ಶಕ್ತಿಯನ್ನು ಕಡಿಮೆ ಮಾಡಿ ತೋರಿಸುತ್ತದೆ. ಕೊಲಾಯ್ಡಿಗೆ ಈ ಪೈಪೋಟಿ ಇಲ್ಲ. ಜಪಾನಿನಲ್ಲಿ 1990ರ ದಶಕದಿಂದ ಬಳಕೆಯಲ್ಲಿರುವ ಗ್ಯಾಲಕ್ಟೋಸೈಲ್ ಆಲ್ಬುಮಿನ್ ಕಾಮಾಲೆಯ ಅಡ್ಡಿಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಅದು ಆ ದೇಶದ ಆಚೆ ಹೆಚ್ಚು ಹರಡಲಿಲ್ಲ. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಗ್ಯಾಲಕ್ಟೋಸ್ ಸಕ್ಕರೆಗೆ ಫ್ಲೋರಿನ್ ಸೇರಿಸಿ ಪೆಟ್ ಸ್ಕ್ಯಾನ್ ಮಾಡುವ ಕ್ರಮ ಬೆಳೆಯಿತು. ವಿಜ್ಞಾನದ ದೃಷ್ಟಿಯಿಂದ ಅದೇ ಹೆಚ್ಚು ನಿಖರ, ಆದರೆ ಸೈಕ್ಲೋಟ್ರಾನ್ ಯಂತ್ರ ಹತ್ತಿರದಲ್ಲಿ ಇಲ್ಲದ ಊರಿಗೆ ಅದು ದೂರದ ಮಾತು.

ಕೊಲಾಯ್ಡ್ ಸ್ಕ್ಯಾನಿನ ದೌರ್ಬಲ್ಯಗಳನ್ನು ಮುಚ್ಚಿಡಬಾರದು. ತೀವ್ರ ರಕ್ತಹೀನತೆಯಲ್ಲಿ ಮಜ್ಜೆ ಚುರುಕಾಗುತ್ತದೆ, ಸೋಂಕಿನಲ್ಲಿ ಗುಲ್ಮ ಚುರುಕಾಗುತ್ತದೆ. ಯಕೃತ್ತು ಅಷ್ಟು ಕೆಟ್ಟಿರದಿದ್ದರೂ ಷಿಫ್ಟ್ ಕಾಣಬಹುದು. ಕುಡಿತದ ರೋಗಿಗಳಲ್ಲಿ ಈ ಎರಡೂ ಸಾಮಾನ್ಯವಾದ್ದರಿಂದ ಸ್ಕ್ಯಾನನ್ನು ಒಂಟಿಯಾಗಿ ಓದುವುದು ತಪ್ಪು. ಕೊಲಾಯ್ಡ್ ತಯಾರಿಕೆಯಲ್ಲಿ ಕಣದ ಗಾತ್ರ ಹೆಚ್ಚುಕಡಿಮೆಯಾದರೆ ಹಂಚಿಕೆಯೂ ಬದಲಾಗುತ್ತದೆ. ಒಂದು ಆಸ್ಪತ್ರೆಯ ಸಂಖ್ಯೆ ಇನ್ನೊಂದರಲ್ಲಿ ಹಾಗೇ ಸಿಗಬೇಕೆಂದರೆ ಔಷಧ, ಕ್ಯಾಮರಾ, ಲೆಕ್ಕದ ಕ್ರಮ ಮೂರೂ ಒಂದೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾದ ಮಿತಿ ಅಂದಾಜು ಎಂಬುದರ ಸ್ವಭಾವದಲ್ಲೇ ಇದೆ. ನೂರು ಜನರಲ್ಲಿ ಎಪ್ಪತ್ತು ಜನ ಆರು ತಿಂಗಳು ಬದುಕುತ್ತಾರೆ ಎಂದು ಸಂಖ್ಯೆ ಹೇಳಬಲ್ಲದು, ಮುಂದೆ ಕುಳಿತ ವ್ಯಕ್ತಿ ಆ ಎಪ್ಪತ್ತರಲ್ಲಿದ್ದಾನೋ ಮೂವತ್ತರಲ್ಲಿದ್ದಾನೋ ಎಂದು ಹೇಳಲಾರದು.

ಮದ್ಯಜನ್ಯ ರೋಗದಲ್ಲಿ ಭವಿಷ್ಯವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ಯಾವ ಯಂತ್ರಕ್ಕೂ ಕಾಣದ ಒಂದು ಸಂಗತಿ: ರೋಗಿ ಕುಡಿತ ಬಿಟ್ಟನೇ ಎಂಬುದು. ಯೇಲ್ ವಿಶ್ವವಿದ್ಯಾಲಯದ ಪೊವೆಲ್ ಮತ್ತು ಕ್ಲಾಟ್ಸ್‌ಕಿನ್ 1968ರಲ್ಲಿ ಸಿರೋಸಿಸ್ ಬಂದವರನ್ನು ಕುರಿತು ವರದಿ ಮಾಡಿದರು. ಬಿಟ್ಟವರಲ್ಲಿ ಐದು ವರ್ಷ ಬದುಕಿದವರು ಶೇ 63, ಬಿಡದವರಲ್ಲಿ ಶೇ 40.5. ಸಿರೋಸಿಸ್ ಆದ ಮೇಲೂ ಇಷ್ಟು ವ್ಯತ್ಯಾಸ. ಆದ್ದರಿಂದ ಸ್ಕ್ಯಾನಿನ ನಿಜವಾದ ಉಪಯೋಗ ಒಂದು ದಿನದ ಒಂದು ಚಿತ್ರದಲ್ಲಿಲ್ಲ, ಎರಡು ಚಿತ್ರಗಳ ನಡುವಿನ ಅಂತರದಲ್ಲಿದೆ. ಆಸ್ಪತ್ರೆಗೆ ಸೇರಿದಾಗ ಒಂದು, ಕುಡಿತ ಬಿಟ್ಟು ಮೂರು ತಿಂಗಳಾದ ಮೇಲೆ ಇನ್ನೊಂದು. ಉರಿಯೂತದಿಂದ ಮಂಕಾಗಿದ್ದ ಭಾಗ ಮತ್ತೆ ಬೆಳಗಿದರೆ ಅದು ದಣಿದ ಯಕೃತ್ತು, ಕಾಯಬಹುದು; ನಾರಾಗಿ ಹೋದ ಭಾಗ ಕತ್ತಲಾಗಿಯೇ ಉಳಿದರೆ ಕಾಯುವುದು ಕಾಲ ಕಳೆಯುವುದಷ್ಟೆ. ರಕ್ತಪರೀಕ್ಷೆ ಈ ಎರಡನ್ನು ಬೇರ್ಪಡಿಸಿ ಹೇಳುವುದು ತಡವಾಗಿ.

ಈ ವ್ಯತ್ಯಾಸ ಕರ್ನಾಟಕದಲ್ಲಿ ಬೇರೆಡೆಗಿಂತ ಹೆಚ್ಚು ತೂಕದ್ದು. ಕುಡಿತ ಬಿಟ್ಟು ಆರು ತಿಂಗಳಾಗದೆ ಕಸಿ ಇಲ್ಲ ಎಂಬ ನಿಯಮ ಲೋಕವೆಲ್ಲ ಬಹಳ ಕಾಲ ನಡೆಯಿತು. ಫ್ರಾನ್ಸಿನ ಮಥುರಾಂ ಮತ್ತು ಸಂಗಡಿಗರು 2011ರಲ್ಲಿ, ಔಷಧಕ್ಕೆ ಜಗ್ಗದ ತೀವ್ರ ಹೆಪಟೈಟಿಸ್‌ನ 26 ರೋಗಿಗಳಿಗೆ ಬೇಗನೆ ಕಸಿ ಮಾಡಿ, ಆರು ತಿಂಗಳ ಬದುಕುಳಿಯುವಿಕೆ ಶೇ 77 ಎಂದು ತೋರಿಸಿದರು. ಕಸಿ ಆಗದವರಲ್ಲಿ ಅದು ಶೇ 23. ಅಲ್ಲಿ ಅಂಗ ಬಂದದ್ದು ಮೃತ ದಾನಿಗಳಿಂದ. ಭಾರತದಲ್ಲಿ ನಡೆಯುವ ಯಕೃತ್ ಕಸಿಗಳಲ್ಲಿ ಹೆಚ್ಚಿನವು ಜೀವಂತ ದಾನಿಯಿಂದ, ಅಂದರೆ ಹೆಂಡತಿ, ಮಗ, ಮಗಳು, ತಂಗಿ ತಮ್ಮ ಯಕೃತ್ತಿನ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಕೊಡುವುದರಿಂದ. ಬಲಭಾಗ ಕೊಡುವ ದಾನಿಯ ಪ್ರಾಣಕ್ಕೇ ಸಾವಿರಕ್ಕೆ ಎರಡರಿಂದ ಐದರಷ್ಟು ಅಪಾಯವಿದೆ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳನ್ನು ಹಂಚುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆ ಇದೆ. ಆದರೆ ಬೇಕಾದವರ ಸಾಲು ಉದ್ದ. ಆದ್ದರಿಂದ ಬದುಕುಳಿಯುವ ಅಂದಾಜು ಇಲ್ಲಿ ಒಂದು ದೇಹದ ಬಗ್ಗೆ ಅಲ್ಲ, ಎರಡು ದೇಹಗಳ ಬಗ್ಗೆ. ಮೂರು ತಿಂಗಳಲ್ಲಿ ತಾನೇ ಚಿಗುರಬಹುದಾಗಿದ್ದ ಯಕೃತ್ತಿಗಾಗಿ ಹತ್ತೊಂಬತ್ತರ ಮಗಳ ಹೊಟ್ಟೆ ಕೊಯ್ಯುವಂತಾಗಬಾರದು. ಈ ಒಂದು ಪ್ರಶ್ನೆಗೆ ಸ್ವಲ್ಪ ಬೆಳಕು ಬಿದ್ದರೂ ಸ್ಕ್ಯಾನಿನ ಖರ್ಚು ಸಾರ್ಥಕ.

ಕಾಮಾಲೆ ಬಂದರೆ ಮೊದಲು ನಾಟಿ ಔಷಧಿಗೆ ಹೋಗುವುದು ಕನ್ನಡ ನಾಡಿನ ಹಳೆಯ ರೂಢಿ. ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ತಾನೇ ವಾಸಿಯಾಗುವುದರಿಂದ ನೆಲನೆಲ್ಲಿಯ ರಸಕ್ಕೆ ಹೆಸರು ಬಂದಿದೆ. ಕುಡಿತದ ಕಾಮಾಲೆ ಆ ಜಾತಿಯದಲ್ಲ. ಲಿಲ್ ಅಂಕ ಏಳು ದಿನದಲ್ಲಿ ತೀರ್ಮಾನ ಹೇಳುವ ರೋಗದಲ್ಲಿ ಪಥ್ಯ ಮತ್ತು ಕಷಾಯಕ್ಕೆ ಮೂರು ವಾರ ಹೋದರೆ ಯಾವ ಸ್ಕ್ಯಾನೂ ಆ ಕಾಲವನ್ನು ಮರಳಿ ತರಲಾರದು.

ಕೊಲ್ಲಿಯ ಕನ್ನಡಿಗರಲ್ಲಿ ಇದೇ ರೋಗ ಸ್ವಲ್ಪ ಬೇರೆ ವೇಷದಲ್ಲಿ ಬರುತ್ತದೆ. ದೋಹಾದ ವಾಯವ್ಯಕ್ಕೆ ಅಲ್ ರಯ್ಯಾನ್ ಪುರಸಭೆಗೆ ಸೇರಿದ ಅಲ್ ಗರಾಫಾದಂಥ ವಸತಿ ಬಡಾವಣೆಯಲ್ಲಿ ವೈನ್‌ಶಾಪ್ ಇಲ್ಲ. ಕತಾರಿನಲ್ಲಿ ಮದ್ಯ ಸಿಗುವುದು ಪರವಾನಗಿ ಪಡೆದ ಮುಸ್ಲಿಮೇತರ ನಿವಾಸಿಗಳಿಗೆ ಮತ್ತು ಲೈಸೆನ್ಸ್ ಇರುವ ಹೋಟೆಲುಗಳಲ್ಲಿ. 2019ರ ಜನವರಿಯಿಂದ ಅದರ ಮೇಲೆ ಶೇ 100 ವಿಶೇಷ ತೆರಿಗೆಯೂ ಇದೆ. ಹಾಗಾಗಿ ಅಲ್ಲಿ ಕುಡಿತ ಕಡಿಮೆ, ಆದರೆ ಯಕೃತ್ತಿಗೆ ಇನ್ನೊಂದು ಹೊರೆ ಹೆಚ್ಚು. ಬಿಸಿಲಿಗೆ ಹೆದರಿ ಕಾರು ಮತ್ತು ಎಸಿ ಕೋಣೆಗಳ ನಡುವೆ ಕಳೆಯುವ ಬದುಕು, ತಡರಾತ್ರಿಯ ಊಟ, ಸಕ್ಕರೆ ಕಾಯಿಲೆ. 2012ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕತಾರಿ ವಯಸ್ಕರಲ್ಲೇ ಮಧುಮೇಹದ ಪ್ರಮಾಣ ಶೇ 16.7 ಇತ್ತು, ದಕ್ಷಿಣ ಏಷ್ಯಾದವರಿಗೆ ಅದರ ಒಲವು ಹುಟ್ಟಿನಿಂದಲೇ ಹೆಚ್ಚು. 2023ರ ವರ್ಗೀಕರಣ ಇಂಥವರಿಗೆಂದೇ ಮೆಟ್-ಎಎಲ್‌ಡಿ ಎಂಬ ನಡುವಿನ ವರ್ಗ ಮಾಡಿತು: ದೇಹದ ಚಯಾಪಚಯ ಕೆಟ್ಟಿದ್ದು, ಗಂಡಸರಲ್ಲಿ ದಿನಕ್ಕೆ 30ರಿಂದ 60 ಗ್ರಾಂ, ಹೆಂಗಸರಲ್ಲಿ 20ರಿಂದ 50 ಗ್ರಾಂ ಕುಡಿತವೂ ಇರುವವರು. ಊರಿಗೆ ರಜೆಯಲ್ಲಿ ಹೋದಾಗ ಒಂದು ತಿಂಗಳು ಹೆಚ್ಚು, ಕೊಲ್ಲಿಗೆ ಮರಳಿದ ಮೇಲೆ ಕಡಿಮೆ ಎಂಬ ಏರಿಳಿತದ ಕುಡಿತವನ್ನು ದಿನದ ಸರಾಸರಿಯಲ್ಲಿ ಹಿಡಿಯುವುದು ಕಷ್ಟ. ವೈದ್ಯರ ಮುಂದೆ ನಿಜ ಹೇಳಲು ಅಂಜುವವರೂ ಇದ್ದಾರೆ. ದೋಹಾದಲ್ಲಿ ವ್ಯಸನಕ್ಕೆ ಚಿಕಿತ್ಸೆ ಕೊಡುವ ನೌಫರ್ ಕೇಂದ್ರ ಇದೆ ಎಂಬುದು ಅವರಿಗೆ ತಿಳಿದಿರಬೇಕು.

ರೋಗ ಮುಂದುವರಿದರೆ ಅಲ್ ಗರಾಫಾದ ನಿವಾಸಿಯ ದಾರಿ ಹಮದ್ ಮೆಡಿಕಲ್ ಕಾರ್ಪೊರೇಷನ್‌ನ ಆಸ್ಪತ್ರೆಗಳ ಕಡೆಗೆ. ನ್ಯೂಕ್ಲಿಯರ್ ಮೆಡಿಸಿನ್ ಮತ್ತು ಯಕೃತ್ ಕಸಿ ಎರಡೂ ಆ ಸಂಸ್ಥೆಯಲ್ಲಿವೆ. ಅಂಗ ವ್ಯಾಪಾರದ ವಿರುದ್ಧ 2008ರಲ್ಲಿ ಆದ ಇಸ್ತಾಂಬುಲ್ ಘೋಷಣೆಯ ಬೆನ್ನಲ್ಲಿ ಕತಾರ್ ರೂಪಿಸಿಕೊಂಡ ದೋಹಾ ಒಪ್ಪಂದ, ಕಸಿಯ ಕಾಯುವ ಪಟ್ಟಿಯಲ್ಲಿ ಕತಾರಿಗಳಿಗೂ ಹೊರದೇಶದ ನಿವಾಸಿಗಳಿಗೂ ಸಮಾನ ಅವಕಾಶ ಕೊಟ್ಟಿದೆ. ಕೊಲ್ಲಿ ದೇಶವೊಂದು ದುಡಿಯಲು ಬಂದವರಿಗೆ ಇಷ್ಟನ್ನು ಲಿಖಿತವಾಗಿ ಕೊಟ್ಟಿರುವುದು ಮೆಚ್ಚಬೇಕಾದ ವಿಷಯ. ಊರಿಗೆ ಮರಳಿ ಚಿಕಿತ್ಸೆ ಪಡೆಯಬೇಕೋ ಅಲ್ಲೇ ಉಳಿಯಬೇಕೋ ಎಂಬ ಲೆಕ್ಕದಲ್ಲಿ ವೀಸಾ, ಕೆಲಸ, ಮಕ್ಕಳ ಶಾಲೆ ಎಲ್ಲವೂ ಸೇರಿರುತ್ತವೆ. ಉಳಿದಿರುವ ಯಕೃತ್ತು ಎಷ್ಟು ಎಂಬ ಮಾಹಿತಿ ಕೈಯಲ್ಲಿದ್ದರೆ ಆ ಲೆಕ್ಕ ಕುರುಡಾಗಿ ನಡೆಯುವುದಿಲ್ಲ.

ಸೌಲಭ್ಯದ ಮಾತು ಉಳಿದಿದೆ. ಟೆಕ್ನೀಷಿಯಂ ಹುಟ್ಟುವುದು ಮಾಲಿಬ್ಡಿನಂ-99 ಎಂಬ ತಾಯಿಧಾತುವಿನಿಂದ. ಅದರ ಅರ್ಧಾಯುಷ್ಯ 66 ಗಂಟೆ. ಸೀಸದ ಪೆಟ್ಟಿಗೆಯಲ್ಲಿ ಆಸ್ಪತ್ರೆಗೆ ಬರುವ, ಮಾಲಿಬ್ಡಿನಂ ತುಂಬಿದ ಜನರೇಟರಿನಲ್ಲಿ ವಾರದ ಕೊನೆಗೆ ಉಳಿಯುವುದು ಮೊದಲಿನ ಆರರಲ್ಲಿ ಒಂದು ಪಾಲು. ಆದ್ದರಿಂದ ಪ್ರತಿ ವಾರ ಹೊಸದು ಬರಬೇಕು. 2009ರ ಮೇ ತಿಂಗಳಿಂದ 2010ರ ಆಗಸ್ಟ್‌ವರೆಗೆ ಕೆನಡಾದ ಚಾಕ್ ರಿವರ್ ರಿಯಾಕ್ಟರ್ ನಿಂತಾಗ ಲೋಕದ ಆಸ್ಪತ್ರೆಗಳು ತತ್ತರಿಸಿದವು. ಭಾರತದಲ್ಲಿ ಪರಮಾಣು ಶಕ್ತಿ ಇಲಾಖೆಯ ಬ್ರಿಟ್ ಸಂಸ್ಥೆ ಜನರೇಟರುಗಳನ್ನೂ ಔಷಧದ ಕಿಟ್‌ಗಳನ್ನೂ ಒದಗಿಸುತ್ತದೆ. ಬೆಂಗಳೂರು, ಮಣಿಪಾಲಗಳಲ್ಲಿ ಗಾಮಾ ಕ್ಯಾಮರಾಗಳು ಮೂಳೆ, ಹೃದಯ, ಮೂತ್ರಪಿಂಡ, ಥೈರಾಯ್ಡ್‌ಗೆಂದು ದಿನವೂ ಓಡುತ್ತಿವೆ. ಯಕೃತ್–ಗುಲ್ಮ ಸ್ಕ್ಯಾನಿಗೆ ಹೊಸ ಯಂತ್ರ ಬೇಡ, ಕ್ರಮಬದ್ಧವಾದ ಲೆಕ್ಕ ಬೇಕು. ಸಿಟಿ ಬಂದ ಮೇಲೆ 1980ರ ದಶಕದಲ್ಲಿ ಈ ಸ್ಕ್ಯಾನ್ ಮೂಲೆಗೆ ಬಿದ್ದದ್ದು ಗಡ್ಡೆ ಹುಡುಕುವ ಕೆಲಸದಲ್ಲಿ ಅದು ಸೋತದ್ದರಿಂದ. ಶಕ್ತಿ ಅಳೆಯುವ ಕೆಲಸದಲ್ಲಿ ಅದು ಸೋತಿರಲಿಲ್ಲ. ಆ ಕೆಲಸವನ್ನು ಅದಕ್ಕೆ ಕೊಟ್ಟವರೇ ಕಡಿಮೆ.

ಕರ್ನಾಟಕದ ವೈದ್ಯಕೀಯ ಕಾಲೇಜುಗಳು ಮಾಡಬಹುದಾದ ಅಧ್ಯಯನದ ರೂಪ ಕಷ್ಟದ್ದಲ್ಲ. ಮದ್ಯಜನ್ಯ ಹೆಪಟೈಟಿಸ್‌ನಿಂದ ಸೇರಿದ ಪ್ರತಿಯೊಬ್ಬರಲ್ಲಿ ಮ್ಯಾಡ್ರಿ ಮತ್ತು ಮೆಲ್ಡ್ ಅಂಕಗಳ ಜೊತೆ ಮೊದಲ ವಾರದಲ್ಲೊಂದು ಸ್ಪೆಕ್ಟ್, ಏಳನೆಯ ದಿನ ಲಿಲ್ ಅಂಕ, ತೊಂಬತ್ತನೆಯ ದಿನ ಮತ್ತೊಂದು ಸ್ಪೆಕ್ಟ್. ಹಿಮೋಗ್ಲೋಬಿನ್ ಎಷ್ಟು, ಸೋಂಕು ಇತ್ತೇ, ಕುಡಿತ ನಿಂತಿತೇ ಎಂಬುದು ಪಕ್ಕದಲ್ಲೇ ದಾಖಲಾಗಬೇಕು. ಕುಡಿತದ ಉತ್ತರವನ್ನು ರೋಗಿಯ ಮಾತಿನ ಮೇಲೆ ಮಾತ್ರ ಬಿಡದೆ ನಿಮ್ಹಾನ್ಸ್‌ನಂಥ ಸಂಸ್ಥೆಗಳ ವ್ಯಸನಮುಕ್ತಿ ತಜ್ಞರು ತಂಡದಲ್ಲಿರಬೇಕು. ಒಂದು ವರ್ಷದ ಕೊನೆಗೆ ಯಾರು ಉಳಿದರು, ಯಾರಿಗೆ ಕಸಿ ಆಯಿತು, ಯಾರು ತೀರಿಕೊಂಡರು ಎಂದು ನೋಡಿದರೆ, ಸ್ಕ್ಯಾನಿನ ಸಂಖ್ಯೆ ರಕ್ತದ ಅಂಕಗಳಿಗೆ ಹೊಸದೇನನ್ನಾದರೂ ಸೇರಿಸುತ್ತದೆಯೇ ಎಂಬುದು ಗೊತ್ತಾಗುತ್ತದೆ. ಸೇರಿಸಿದರೆ ಮೊದಲ ಬಳಕೆ ಆಗಬೇಕಾದದ್ದು ಜೀವಂತ ದಾನಿ ಸಹಿ ಹಾಕುವ ಮುನ್ನ ನಡೆಯುವ ಕುಟುಂಬದ ಸಮಾಲೋಚನೆಯಲ್ಲಿ.